ಎನಿಡ್ ಸಾಲ್ಟಳ ಹಸಿರು ಬಾವುಟ

ಮಾಸ್‌ಲೋ ಊರಿನ ಶಾಲೆಯ ಮುಂದೆ, ನಡು ರಸ್ತೆಯಲ್ಲಿ, 'ನಿಲ್ಲಿ' ಎಂದು ಬರೆದ ದುಂಡು ಫಲಕದ ಕೋಲು ಹಿಡಿದು ಇಪ್ಪತ್ತಾರು ವರ್ಷ ನಿಂತವಳು ಎನಿಡ್ ಸಾಲ್ಟ್. ಬೆಳಿಗ್ಗೆ ಒಂದು ಗಂಟೆ, ಮಧ್ಯಾಹ್ನ ಒಂದು ಗಂಟೆ ಮಕ್ಕಳನ್ನು ದಾಟಿಸುವುದು ಅವಳ ಕೆಲಸ. ಹಾಲಿನ ವ್ಯಾನು, ಜಲ್ಲಿ ಲಾರಿ, ಒಮ್ಮೆ ಮದುಮಗಳು ಕೂತಿದ್ದ ಕಾರು, ಇನ್ನೊಮ್ಮೆ ಹೆಣದ ಪೆಟ್ಟಿಗೆ ಹೊತ್ತ ಕಾರು, ಯಾವುದಕ್ಕೂ ಅವಳು ರಿಯಾಯಿತಿ ಕೊಟ್ಟವಳಲ್ಲ. "ಮದುವೆ ಹುಡುಗ ಕಾಯ್ತಾನೆ, ಸತ್ತವರು ಇನ್ನೂ ಚೆನ್ನಾಗಿ ಕಾಯ್ತಾರೆ. ಈ ಮಗು ಕಾಯಲ್ಲ, ಓಡುತ್ತೆ" ಎನ್ನುತ್ತಿದ್ದಳು. ನಿವೃತ್ತಿಯ ದಿನ ಶಾಲೆಯವರು ಹೂಗುಚ್ಛ ಕೊಟ್ಟಾಗ ಅವಳಿಗೆ ಒಂದು ವಿಷಯ ಹೊಳೆಯಿತು. ಇಪ್ಪತ್ತಾರು ವರ್ಷದಲ್ಲಿ ತಾನು ಒಬ್ಬರಿಗೂ 'ಹೋಗಿ' ಎಂದು ಹೇಳಿಲ್ಲ! ಅವಳು ಪಕ್ಕಕ್ಕೆ ಸರಿದರೆ ಗಾಡಿಗಳು ತಾವಾಗಿಯೇ ಹೋಗುತ್ತಿದ್ದವು, ಅಷ್ಟೆ. ಅದೂ ಒಂದಿಷ್ಟು ಗೊಣಗಿಕೊಂಡೇ.

ಅವಳು ರೈಲಿಗೆ ಬಂದದ್ದು ಗಂಡನ ಊಟದ ಡಬ್ಬಿಯ ನೆಪದಲ್ಲಿ. ಹ್ಯಾಡರ್ಲಿಯಿಂದ ಮಾಸ್‌ಲೋಗೆ ಬರುತ್ತಿದ್ದ ಕವಲು ರೈಲುದಾರಿ ಮುಚ್ಚಿದಾಗ ಅವಳಿಗೆ ಹನ್ನೆರಡು ವರ್ಷ. ಕೊನೆಯ ರೈಲು ಹೊರಟ ದಿನ ಊರಿಗೆ ಊರೇ ನಿಲ್ದಾಣದಲ್ಲಿತ್ತು. ಎನಿಡ್ ಮಾತ್ರ ಮಂಗನಬಾವು ಬಂದು, ಕೊರಳಿಗೆ ಉಣ್ಣೆಬಟ್ಟೆ ಸುತ್ತಿಕೊಂಡು ಮಹಡಿಯ ಕಿಟಕಿಯಲ್ಲಿ ಕೂತಿದ್ದಳು. ಸಿಳ್ಳು ಕೇಳಿಸಿತು, ಹೊಗೆ ಕಾಣಿಸಿತು, ರೈಲು ಕಾಣಿಸಲಿಲ್ಲ. ಅಮ್ಮನನ್ನು ಬಯ್ಯುವ ಹಾಗೂ ಇಲ್ಲ, ಅಂಥಾ ಚಳಿಗಾಳಿಗೆ ಬಾತ ಗಲ್ಲದ ಮಗುವನ್ನು ಯಾವ ತಾಯಿ ತಾನೇ ಕಳಿಸಿಯಾಳು? ಆಮೇಲೆ ಹಳಿ ಕಿತ್ತರು, ಮುಳ್ಳುಪೊದೆ ಬೆಳೆಯಿತು, ಜನ ಮರೆತರು.

ಮರೆಯದ ಹನ್ನೊಂದು ಮಂದಿ ಸೇರಿ ಒಂದು ಸಂಘ ಮಾಡಿಕೊಂಡು, ವಾರದ ರಜೆಯಲ್ಲಿ ಪುಕ್ಕಟೆ ದುಡಿದು, ಮೂರು ಮೈಲಿ ದಾರಿಯನ್ನು ಮತ್ತೆ ಹಾಕುತ್ತೇವೆಂದು ಹೊರಟರು. ಅವರಲ್ಲಿ ಎನಿಡಳ ಗಂಡ ನಾರ್ಮನ್ನನೂ ಒಬ್ಬ. ಮೂರನೇ ಶನಿವಾರ ನಾರ್ಮನ್ನನ ಸೊಂಟ ಹಿಡಿಯಿತು. ಅವನು ತನ್ನ ಪಾರಿವಾಳಗಳ ಗೂಡಿಗೆ ಮರಳಿದ. ಡಬ್ಬಿ ತಂದ ಎನಿಡ್ ಅಲ್ಲೇ ಉಳಿದಳು, ಹದಿನಾಲ್ಕು ವರ್ಷ.

ಆ ಹದಿನಾಲ್ಕು ವರ್ಷದಲ್ಲಿ ಅವಳು ಮುಳ್ಳು ಕಡಿದಳು, ಕಲ್ಲು ಹೊತ್ತಳು, ಹಳಿಯ ಕೆಳಗಿನ ಮರದ ದಿಮ್ಮಿಗಳಿಗೆ ಎಣ್ಣೆ ಬಳಿದಳು. ಪೊದೆಯೊಳಗಿಂದ ಒಂದು ಸ್ನಾನದ ತೊಟ್ಟಿ, ಎರಡು ಫ್ರಿಜ್ಜು ಮತ್ತು ಜೀವಂತ ಆಮೆಯೊಂದನ್ನು ಎಳೆದು ತೆಗೆದಳು. ಎಲ್ಲಕ್ಕಿಂತ ಮುಖ್ಯವಾಗಿ ಚಹಾ ಮಾಡಿದಳು. ಆ ಚಹಾಕ್ಕೆ ಒಂದು ಷರತ್ತಿತ್ತು: ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡ ಚೀಟಿ ತೋರಿಸಬೇಕು. ತುಕ್ಕು ಹಿಡಿದ ಮೊಳೆಗಳ ನಡುವೆ ಕೈಗವಸಿಲ್ಲದೆ ಅಡ್ಡಾಡುವ ಅರವತ್ತು ದಾಟಿದ ಗಂಡಸರಿಗೆ ಬೇರೆ ಯಾವ ಮಾತೂ ನಾಟುತ್ತಿರಲಿಲ್ಲ. ರೈಲುಗಾಡಿಯ ಬಾಗಿಲಿಗೆ ಯಾವ ಬಣ್ಣ ಬಳಿಯಬೇಕೆಂದು ಆ ಗಂಡಸರು ನಾಲ್ಕು ಚಳಿಗಾಲ ಜಗಳವಾಡಿದರು. ಒಬ್ಬ ಏರಿಗೆಳೆದರೆ ಇನ್ನೊಬ್ಬ ನೀರಿಗೆಳೆದ. ಎರಡೂ ಕೆಂಪೇ, ಒಂದು ಯುದ್ಧಕ್ಕೆ ಮುಂಚಿನ ಕೆಂಪು, ಇನ್ನೊಂದು ಯುದ್ಧದ ನಂತರದ ಕೆಂಪು.

ಕೊನೆಗೂ ಒಂದು ಉಗಿ ಇಂಜಿನ್ನು, ನಾಲ್ಕು ಗಾಡಿ ಸಿದ್ಧವಾದಾಗ ಎನಿಡ್ ಸಮಿತಿಯ ಮುಂದೆ ನಿಂತು, "ನಾನು ಗಾರ್ಡ್ ಆಗ್ತೀನಿ" ಎಂದಳು.

ಅಧ್ಯಕ್ಷ ಡೆಸ್ಮಂಡ್ ಪ್ಲಾಂಟ್ ನಕ್ಕ. ಊರಿಗೊಂದೇ ಪೀಠೋಪಕರಣದ ಅಂಗಡಿ ಅವನದು. ಗಿರಾಕಿಗೆ ನಕ್ಕ ಹಾಗೆ ಎಲ್ಲರಿಗೂ ನಗುತ್ತಾನೆ. "ಮತ್ತೆ ಚಹಾ ಯಾರು ಮಾಡ್ತಾರೆ, ಬಾತುಕೋಳಿ?"

ಆ ಸೀಮೆಯಲ್ಲಿ ಪಾದ್ರಿಯಿಂದ ಹಿಡಿದು ಪೊಲೀಸಿನವರೆಗೆ ಎಲ್ಲರೂ ಎಲ್ಲರನ್ನೂ ಅಕ್ಕರೆಗೆ ಕರೆಯುವುದು ಬಾತುಕೋಳಿ ಎಂದೇ, ಅದರಲ್ಲಿ ಬೇಜಾರಿಲ್ಲ. ಬೇಜಾರಾದದ್ದು ಚಹಾದ ಮಾತಿಗೆ.

"ಕೆಟಲ್ಲಿಗೆ ಒಂದು ಗುಂಡಿ ಇದೆ, ಡೆಸ್ಮಂಡ್. ಒತ್ತಿದ್ರೆ ಕುದಿಯುತ್ತೆ. ಪರೀಕ್ಷೆ ಬೇಕಿಲ್ಲ."

ಗಾರ್ಡಿಗೆ ಮಾತ್ರ ಪರೀಕ್ಷೆ ಇತ್ತು. ಪರೀಕ್ಷಕ ಹೊರೇಸ್ ಬ್ರಿಂಡ್ಲಿ, ನಲವತ್ತು ವರ್ಷ ಸಿಗ್ನಲ್ ಕೋಣೆಯಲ್ಲಿ ಕೂತು ಎದ್ದವನು. ನಿಯಮದ ಪುಸ್ತಕವನ್ನು ಅವನು ಕೋಟಿನ ಒಳಜೇಬಿನಲ್ಲಿ ಎದೆಗೊತ್ತಿ ಇಟ್ಟುಕೊಂಡಿರುತ್ತಿದ್ದ. ಹೆಂಡತಿ ತೀರಿಕೊಂಡ ವಾರವೂ ಬಿಟ್ಟಿರಲಿಲ್ಲವಂತೆ. ಕೆಲಸದ ಹೊತ್ತಿನಲ್ಲಿ ಅವನಿಗೆ ಎನಿಡ್ ಎಂದರೆ ಮಿಸೆಸ್ ಸಾಲ್ಟ್.

ಮೊದಲ ಸಲ ಎನಿಡ್ ನಪಾಸಾದದ್ದು ಶೂ ದಾರದ ದೆಸೆಯಿಂದ. ಬಾವುಟ ಎತ್ತುವ ಹೊತ್ತಿಗೆ ಪ್ಲಾಟ್‌ಫಾರ್ಮಿನಲ್ಲಿ ನೋಡಲು ಬಂದಿದ್ದ ಒಂದು ಮಗುವಿನ ಶೂ ದಾರ ಬಿಚ್ಚಿದ್ದು ಕಂಡಿತು; ಬಾವುಟವನ್ನು ಕಂಕುಳಲ್ಲಿಟ್ಟುಕೊಂಡು ಕಟ್ಟಲು ಕೂತಳು. ಎಷ್ಟು ಮಕ್ಕಳು ದಾರ ತುಳಿದು ಮುಗ್ಗರಿಸಿಲ್ಲ! ಎರಡನೇ ಸಲ, ನಿಲ್ಲಿಸಬೇಕಾದಲ್ಲಿ ಕೆಂಪು ಬಾವುಟ ತೋರಿಸುವ ಬದಲು ಇಂಜಿನ್ನಿಗೆ ಅಂಗೈ ಎತ್ತಿದಳು. ಇಂಜಿನ್ನು ನಿಂತಿತು ಅನ್ನುವುದು ಬೇರೆ ಮಾತು.

"ಅದು ಜಲ್ಲಿ ಲಾರಿ ಅಲ್ಲ, ಮಿಸೆಸ್ ಸಾಲ್ಟ್" ಎಂದ ಹೊರೇಸ್. "ಮೂರೇ ಅವಕಾಶ. ಮೂರನೇದೂ ಹೋದ್ರೆ ಮತ್ತೆ ಇಲ್ಲ. ನಿಯಮ."

ಆ ಮೂರನೆಯ ಅವಕಾಶ ಬಂದದ್ದು ಉದ್ಘಾಟನೆಯ ದಿನವೇ. ಇದ್ದೊಬ್ಬ ಗಾರ್ಡು ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಹೋಗಿ ಮಲಗಿದ್ದ. ಬೇರೆ ದಾರಿಯಿಲ್ಲದೆ ಸಮಿತಿ, ಹೊರೇಸ್ ಜೊತೆಗಿದ್ದು ನೋಡಿಕೊಳ್ಳುವ ಷರತ್ತಿನ ಮೇಲೆ, ಎನಿಡಳ ಕೈಗೆ ಬಾವುಟ ಕೊಟ್ಟಿತು. ಹಿಂದಿನ ದಿನವೆಲ್ಲ ಅವಳು ಅಡುಗೆಮನೆಯಲ್ಲಿ ನಿಯಮ ಒಪ್ಪಿಸುತ್ತಿದ್ದಳು, ನಾರ್ಮನ್ ಪುಸ್ತಕ ಹಿಡಿದು ಕೂತಿದ್ದ.

"ಒಂಟಿ ಹಳಿಯ ದಾರಿಗೆ ಒಂದೇ ಟೋಕನ್ ಕೋಲು. ಆ ಕೋಲು ಚಾಲಕನ ಕೈಲಿ ಇಲ್ಲದೆ ಯಾವ ರೈಲೂ ಹೊರಡಬಾರದು. ಕೋಲು ಒಂದೇ ಇರೋದ್ರಿಂದ ಎರಡು ರೈಲು ಎದುರುಬದುರು ಬರೋ ಹಾಗಿಲ್ಲ."

"ನಮ್ಮ ಹತ್ರ ಇರೋದೇ ಒಂದು ಇಂಜಿನ್ನು ಕಣೇ" ಎಂದ ನಾರ್ಮನ್. "ಎದುರಿಗೆ ಬರೋಕೆ ಇನ್ನೊಂದೆಲ್ಲಿದೆ? ಕುರಿ ಬರುತ್ತಾ?"

"ಮುಂದಿನ ನಿಯಮ ಕೇಳು."

"ಕುರಿಗೂ ಒಂದು ಕೋಲು ಕೊಡ್ಬೇಕಾ ಹಾಗಾದ್ರೆ?"

"ನಾರ್ಮನ್!"

ಮೇ ತಿಂಗಳ ಶನಿವಾರ. ಅದಕ್ಕೆ ತಕ್ಕ ಹಾಗೆ ಜಿಟಿಜಿಟಿ ಮಳೆ. ಹ್ಯಾಡರ್ಲಿ ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಕಡೆ ಹಿತ್ತಾಳೆ ವಾದ್ಯದವರು; ಇನ್ನೊಂದು ಕಡೆ ಓಟ್ಸ್ ಹಿಟ್ಟಿನ ದೋಸೆಗೆ ಹಂದಿಮಾಂಸ, ಚೀಸು ಸುತ್ತಿ ಕೊಡುವವರು; ಮತ್ತೊಂದು ಕಡೆ ಸೆಡ್ರಿಕ್‌ನ ಹಳೇ ರೈಲು ಸಾಮಾನಿನ ಮೇಜು. ಕಂದೀಲು, ಟೊಪ್ಪಿಗೆ, ಟಿಕೇಟು ತೂತು ಹಾಕುವ ಇಕ್ಕಳ, ಮುಚ್ಚಿಹೋದ ನಿಲ್ದಾಣಗಳ ಹೆಸರಿನ ಹಲಗೆ, ಎಲ್ಲ ಸಂಘದ ಸಹಾಯಾರ್ಥ. ಕೊರಳಿಗೆ ಚಿನ್ನದ ಸರಪಳಿ ಹಾಕಿಕೊಂಡ ಮೇಯರಮ್ಮ ಮೊದಲ ಗಾಡಿಯಲ್ಲಿ ಕೂತಾಗಿತ್ತು. ಎನಿಡ್ ಹೊಸ ಸಮವಸ್ತ್ರದಲ್ಲಿ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡೆದಳು. ಮಕ್ಕಳನ್ನು ಎಣಿಸುವುದು ಅವಳ ಕಣ್ಣಿಗೆ ಅಂಟಿದ ಚಟ: ಮೂವತ್ನಾಲ್ಕು. ಕಿಟಕಿಯಿಂದಾಚೆ ಇಣುಕುವ ತಲೆಗಳು ಏಳು. ಬಾಗಿಲ ಸಂದಿಯಲ್ಲಿ ಬೆರಳಿಟ್ಟವರು ಇಬ್ಬರು. "ಬೆರಳು ಒಳಗೆ! ಮತ್ತೆ ಬೆಳೆಯಲ್ಲ ಅವು!"

ಹನ್ನೊಂದಕ್ಕೆ ಎರಡು ನಿಮಿಷವಿತ್ತು. ಇಂಜಿನ್ನಿನಿಂದ ಚಾಲಕ ಬರ್ನಾರ್ಡ್ ತಲೆ ಹೊರಗೆ ಹಾಕಿದ.

"ಕೋಲೆಲ್ಲಪ್ಪಾ?"

ಎಲ್ಲರೂ ಹೊರೇಸ್‌ನ ಕಡೆ ನೋಡಿದರು. ಬೆಳಿಗ್ಗೆ ಏಳಕ್ಕೆ ರುಜು ಹಾಕಿ ಕೋಲು ಪಡೆದವನು ಅವನೇ. ಹೊರೇಸ್ ಬಲಗೈ ನೋಡಿಕೊಂಡ, ಎಡಗೈ ನೋಡಿಕೊಂಡ. ಕೋಟು ತಟ್ಟಿಕೊಂಡ. ಮೊಳಕ್ಕಿಂತ ಉದ್ದದ, ಕೆಂಪು ಬಣ್ಣದ, ಹಿತ್ತಾಳೆ ಕಟ್ಟಿನ ಕೋಲು ಜೇಬಿನಲ್ಲಿ ಎಲ್ಲಿಂದ ಬರಬೇಕು? ಅವನ ಮುಖ ಸುಣ್ಣದ ಗೋಡೆಯಂತಾಯಿತು.

ಹನ್ನೊಂದು ಗಂಟೆಯಾಯಿತು. ಹನ್ನೊಂದೂ ಹತ್ತಾಯಿತು. ವಾದ್ಯದವರಿಗೆ ಬರುತ್ತಿದ್ದದ್ದು ನಾಲ್ಕೇ ಹಾಡು, ಮೊದಲನೆಯದು ಮೂರನೇ ಸಲ ಶುರುವಾಯಿತು. ಡೆಸ್ಮಂಡ್ ಅಂಗಡಿಯ ನಗುವನ್ನು ಮರೆತು ಓಡಿಬಂದ.

"ಇನ್ನೇನು ತೊಂದ್ರೆ?"

"ಕೋಲಿಲ್ಲ" ಎಂದಳು ಎನಿಡ್.

"ಕೋಲು ಕಟ್ಕೊಂಡು ಏನಾಗ್ಬೇಕು? ಇರೋದೊಂದೇ ಇಂಜಿನ್ನು, ಅದು ನಿಮ್ಮ ಕಣ್ಣೆದುರಿಗೇ ನಿಂತಿದೆ! ಮೇಯರಮ್ಮ ಒಂದು ಗಂಟೆಗೆ ಇನ್ನೊಂದು ಉದ್ಘಾಟನೆಗೆ ಹೋಗ್ಬೇಕು. ಬಾವುಟ ಬೀಸಿ, ಬಾತುಕೋಳಿ, ನಡೀರಿ!"

ಎನಿಡ್ ಹೊರೇಸ್‌ನತ್ತ ನೋಡಿದಳು. ಹೊರೇಸ್ ಅವಳನ್ನು ದೀಪದ ಕೋಣೆಯ ಹಿಂದೆ ಕರೆದುಕೊಂಡು ಹೋದ.

"ಎನಿಡ್" ಎಂದ. ಸಮವಸ್ತ್ರದಲ್ಲಿದ್ದಾಗ ಅವನು ಅವಳ ಹೆಸರು ಹಿಡಿದದ್ದು ಅದೇ ಮೊದಲು. "ಎಲ್ಲೋ ಇಟ್ಬಿಟ್ಟೆ. ನಲವತ್ತು ವರ್ಷದಲ್ಲಿ ಒಂದು ಸಲಾನೂ... ನನಗೆ ನೆನಪೇ ಆಗ್ತಿಲ್ಲ. ಎದುರಿಗೆ ಏನೂ ಬರಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಬೀಸಿಬಿಡಿ. ಬರ್ನಾರ್ಡ್ ಒಪ್ತಾನೆ. ನಿಮ್ಮ ಕಾಗದಕ್ಕೆ ಇಲ್ಲೇ, ಈಗಲೇ ರುಜು ಹಾಕ್ತೀನಿ."

ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಅವನು ಆಗಲೇ ಪೆನ್ನು ತೆಗೆದಿದ್ದ. ಬೀಸಿದರೆ ಗಾರ್ಡು, ಬೀಸದಿದ್ದರೆ ಮೂರನೇ ನಪಾಸು, ಮತ್ತೆ ಜೀವಮಾನವೆಲ್ಲ ಕೆಟಲ್ಲು. ಒಂದು ಕ್ಷಣ, ಸುಳ್ಳು ಹೇಳಬಾರದು, ಅವಳ ಕೈ ಬಾವುಟದ ಕಡೆ ಹೋಯಿತು. ಆಮೇಲೆ ಆ ಮೂವತ್ನಾಲ್ಕು ತಲೆಗಳು ನೆನಪಾದವು.

"ಇಲ್ಲ, ಹೊರೇಸ್."

"ಎದುರಿಗೆ ಏನೂ..."

"ಜಲ್ಲಿ ಲಾರಿಯವರೂ ಇದೇ ಹೇಳ್ತಿದ್ರು. 'ರಸ್ತೆ ಖಾಲಿ ಇತ್ತಲ್ಲ, ಯಾಕೆ ನಿಲ್ಸಿದ್ರಿ' ಅಂತ. ರಸ್ತೆ ಖಾಲಿ ಇದೆ ಅಂತ ನಾನು ಒಂದು ದಿನವೂ ಮಕ್ಕಳಿಗೆ 'ನೀವೇ ದಾಟ್ಕೊಳ್ಳಿ' ಅಂದಿಲ್ಲ. ಏನೂ ಬರಲ್ಲ ಅಂತ ಗೊತ್ತು. ಕೋಲಿಲ್ಲ ಅಂತಾನೂ ಗೊತ್ತು." ಅವಳು ಪೆನ್ನನ್ನು ಅವನ ಜೇಬಿಗೆ ಸಿಕ್ಕಿಸಿದಳು. ದನಿ ತಾನಾಗಿಯೇ ಕೈಚೀಲ ಕಳೆದುಕೊಂಡ ಮಗುವಿಗೆ ಕೇಳುವ ದನಿಯಾಯಿತು. "ಈಗ ಹೇಳಿ, ಕೊನೇ ಸಲ ಯಾವಾಗ ನೋಡಿದ್ರಿ?"

"ಏಳು ಗಂಟೆಗೆ ರುಜು ಹಾಕಿದೆ."

"ಆಮೇಲೆ?"

"ಆಮೇಲೆ ಈ ಕಡೆ ಬಂದೆ. ಸೆಡ್ರಿಕ್ ಅಂಗಡಿ ಹರಡ್ತಾ ಇದ್ದ. ಒಂದು ಕಂದೀಲು ಕಾಣಿಸ್ತು, ಎಂಥಾ ಕಂದೀಲು ಅಂತೀರಿ, ಮೂರು ಬಣ್ಣದ ಗಾಜು, ಬಿರುಕಿಲ್ಲ. ಎರಡೂ ಕೈಲಿ ಎತ್ತಿ ನೋಡಿದೆ."

"ಎರಡೂ ಕೈಲಿ."

ಹೊರೇಸ್ ಕಣ್ಣು ಮುಚ್ಚಿಕೊಂಡ. "ಅಯ್ಯೋ ದೇವರೇ."

ಸೆಡ್ರಿಕ್ ಸೋಡಾಬುಡ್ಡಿ ಕನ್ನಡಕದ ಮನುಷ್ಯ, ಒಳ್ಳೆಯವನು. ಅವನು ತನ್ನ ವ್ಯಾಪಾರದ ಖುಷಿಯಲ್ಲಿದ್ದ.

"ಕೆಂಪು ಕೋಲಾ? ಅಯ್ಯೋ, ಅದು ಮೊದಲ್ನೇ ಬೋಣಿ! ಹ್ಯಾಡರ್ಲಿ-ಮಾಸ್‌ಲೋ ಅಂತ ಕೆತ್ತಿತ್ತು ನೋಡಿ, ಇವತ್ತಿನ ದಿನಕ್ಕೆ ಎಷ್ಟು ಸರಿಹೊಂದುತ್ತೆ! ಯಾರೋ ಪುಣ್ಯಾತ್ಮರು ದಾನ ಕೊಟ್ಟು ಹೋಗಿದ್ರು, ಹೆಸರೂ ಹೇಳಿರ್ಲಿಲ್ಲ."

ಆ ಪುಣ್ಯಾತ್ಮ ಎನಿಡಳ ಬೆನ್ನ ಹಿಂದೆ ಮೆಲ್ಲಗೆ ನರಳಿದ.

"ಯಾರಿಗೆ ಮಾರಿದ್ರಿ?"

"ನೀಲಿ ಟೊಪ್ಪಿಯೋರು. ಪಾಪ, ಬಹಳ ದೂರದಿಂದ ಬಂದಿದ್ರು. ಟಿಕೇಟು ಎಲ್ಲಿ ಸಿಗುತ್ತೆ ಅಂತ ಕೇಳ್ಕೊಂಡು ಹೋದ್ರು."

ಎನಿಡ್ ಗಾಡಿಗಳೊಳಗೆ ಒಂದೊಂದೇ ಸಾಲು ನೋಡುತ್ತ ಬಂದಳು. ಮೂರನೇ ಗಾಡಿಯಲ್ಲಿ ನೀಲಿ ಟೊಪ್ಪಿಯವನು ಕಿಟಕಿ ಪಕ್ಕ ಕೂತು ದೋಸೆ ತಿನ್ನುತ್ತ, ಗಡಿಯಾರ ನೋಡುತ್ತ, ಪಕ್ಕದವರಿಗೆ ಪಾಠ ಹೇಳುತ್ತಿದ್ದ. "ಇಪ್ಪತ್ತೈದು ನಿಮಿಷ ತಡ! ಗೊತ್ತಿಲ್ಲದ ಜನ ರೈಲು ನಡೆಸೋಕೆ ಹೊರಟ್ರೆ ಹೀಗೇ ಆಗೋದು." ಅವನ ತೊಡೆಯ ಮೇಲೆ, ಪತ್ರಿಕೆಯಲ್ಲಿ ಸುತ್ತಿದ ಮೊಳಕ್ಕಿಂತ ಉದ್ದದ ಪೊಟ್ಟಣ.

"ಸಾರ್, ಆ ಪೊಟ್ಟಣ ಬೇಕಾಗಿತ್ತು."

"ಇದಾ? ಇದು ನಾನು ಕೊಂಡಿದ್ದು. ಚೀಟಿ ಇದೆ."

"ಅದಿಲ್ಲದೆ ರೈಲು ಹೊರಡಲ್ಲ."

ಅವನು ಅಗಿಯುವುದನ್ನು ನಿಲ್ಲಿಸಿದ. ಪೊಟ್ಟಣ ನೋಡಿದ, ಇಂಜಿನ್ನಿನ ಕಡೆ ನೋಡಿದ. ಇಪ್ಪತ್ತೈದು ನಿಮಿಷದಿಂದ ತಾನು ಬಯ್ಯುತ್ತಿದ್ದ ವಿಳಂಬ ತನ್ನ ತೊಡೆಯ ಮೇಲೇ ಮಲಗಿದೆ ಎಂದು ಅರಿವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅರಿವಾದ ಮೇಲೆ ಪೊಟ್ಟಣವನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡ.

"ಹಾಗಾದ್ರೆ ಇದು ಅಸಲಿ! ಚಾಲ್ತಿಯಲ್ಲಿರೋ ಕೋಲು! ಮೇಡಂ, ನಮ್ಮ ಮನೇಲಿ ಮೂವತ್ತೆಂಟು ಕೋಲಿವೆ, ಇಂಥದ್ದು ಒಂದೂ ಇಲ್ಲ. ಕೊಡೋ ಮಾತೇ ಇಲ್ಲ."

"ಆ ಮೂವತ್ತೆಂಟೂ ಮುಚ್ಚಿಹೋದ ದಾರಿಗಳವು" ಎಂದಳು ಎನಿಡ್. "ಇದು ಇವತ್ತು ತೆರೆಯೋ ದಾರೀದು. ಮನೆಗೆ ತಗೊಂಡ್ಹೋದ್ರೆ ಮೂವತ್ತೊಂಬತ್ತಾಗುತ್ತೆ, ಅಷ್ಟೆ."

ಅವನು ಜೇಬಿನಿಂದ ಚೀಟಿ ತೆಗೆದು ತೋರಿಸಿದ. ಎನಿಡ್ ಅಂಗೈ ಮೇಲೆ ಮಾಡಿ ಕೈ ಚಾಚಿದಳು. ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ. ಹಾವೂ ಸಾಯಬಾರದು, ಕೋಲಂತೂ ಮುರಿಯಲೇಬಾರದು.

ಹಿಂದಿನ ಸಾಲಿನ ಬೋಳುತಲೆಯ ದಪ್ಪ ಮನುಷ್ಯ ಮೆಲ್ಲಗೆ ಹೇಳಿದ. "ಕೊಟ್ಬಿಡಿ ಸ್ವಾಮಿ. ಅವರು ಕೈ ಇಳಿಸಲ್ಲ. ನನಗೆ ಎಂಟು ವರ್ಷ ಆಗಿದ್ದಾಗ ಇದೇ ಕೈಗೆ ಕವಣೆ ಕೊಟ್ಟೆ. ಇವತ್ತಿನವರೆಗೂ ವಾಪಸ್ ಬಂದಿಲ್ಲ."

"ನಿನ್ನ ಕವಣೆ ನನ್ನ ಮೇಜಿನ ಡ್ರಾಯರಲ್ಲಿದೆ, ಗ್ರೆಗರಿ. ಪೊಲೀಸ್ನೋರ ಮನೆ ಕಿಟಕಿ ಇನ್ನೂ ಅಲ್ಲೇ ಇದೆ, ಅದಕ್ಕೇ ಕೊಟ್ಟಿಲ್ಲ" ಎಂದಳು ಎನಿಡ್, ಕಣ್ಣು ಕದಲಿಸದೆ.

ನೀಲಿ ಟೊಪ್ಪಿಯವನು ಎದ್ದ. ಎನಿಡ್ ಕೋಲನ್ನು ಅವನ ಕೈಯಿಂದ ಕಿತ್ತುಕೊಳ್ಳಲಿಲ್ಲ. "ನೀವೇ ಚಾಲಕರ ಕೈಗೆ ಕೊಡಿ, ಬನ್ನಿ" ಎಂದು ಮುಂದೆ ನಡೆದಳು. ಅವನು ಪತ್ರಿಕೆ ಬಿಚ್ಚಿ, ಕೋಲನ್ನು ಎರಡೂ ಅಂಗೈ ಮೇಲೆ ಹೊತ್ತು ಪ್ಲಾಟ್‌ಫಾರ್ಮಿನುದ್ದಕ್ಕೂ ಬಂದ. ಜನ ಇದನ್ನೇ ಉದ್ಘಾಟನೆಯ ಶಾಸ್ತ್ರವೆಂದುಕೊಂಡು ಚಪ್ಪಾಳೆ ಹೊಡೆದರು. ಟೊಪ್ಪಿ ತೆಗೆದರು ಕೆಲವರು. ವಾದ್ಯದವರು ಎರಡನೇ ಹಾಡಿಗೆ ಬಂದರು. ಮೇಯರಮ್ಮ ಕಿಟಕಿಯಿಂದ ಬಗ್ಗಿ ಅವನ ಕೈ ಕುಲುಕಿ, "ಎಷ್ಟು ಗಂಭೀರವಾಗಿ ಮಾಡ್ತೀರಪ್ಪ ನೀವೆಲ್ಲ!" ಎಂದಳು. ಡೆಸ್ಮಂಡನ ನಗು ವಾಪಸು ಬಂತು. ಎಲ್ಲವೂ ತನ್ನದೇ ಏರ್ಪಾಡು ಎಂಬಂತೆ ಅವನೂ ಚಪ್ಪಾಳೆ ತಟ್ಟಿದ.

ಬರ್ನಾರ್ಡ್ ಕೋಲು ಎತ್ತಿ ತೋರಿಸಿದ. ಎನಿಡ್ ಕೆತ್ತಿದ ಹೆಸರು ಓದಿದಳು. ಬಾಗಿಲು ನೋಡಿದಳು. ಬೆರಳುಗಳನ್ನು ನೋಡಿದಳು. ಒಬ್ಬ ತಾಯಿಗೆ, "ಮಗೂನ ಮೊಣಕೈ ಒಳಗೆ ತಗೊಳ್ಳಿ, ಬಾತುಕೋಳಿ" ಎಂದಳು. ಸೀಟಿ ಊದಿದಳು. ಹಸಿರು ಬಾವುಟ ಬಿಚ್ಚಿ ಎತ್ತಿದಳು.

ಹೋಗಿ.

ಇಂಜಿನ್ನು ಒಂದು ಉಸಿರು ಬಿಟ್ಟಿತು. ಚಕ್ರ ತಿರುಗಿತು. ಅಷ್ಟು ದೊಡ್ಡ ವಸ್ತುವೊಂದು ತನ್ನ ಕೈ ಎತ್ತಿದ್ದಕ್ಕೆ ಹೊರಟಿದ್ದನ್ನು ಎನಿಡ್ ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತಳು. ಮೊದಲ ಗಾಡಿ ಹೋಯಿತು, ಎರಡನೆಯದು ಹೋಯಿತು. ಅವಳ ಕಣ್ಣು ಮಂಜಾಗಿತ್ತು. ಹೊಗೆಗೆ ಎಂದು ಆಮೇಲೆ ಹೇಳಿದಳು.

"ಮಿಸೆಸ್ ಸಾಲ್ಟ್!" ಕೊನೆಯ ಗಾಡಿಯ ಬಾಗಿಲಿನಿಂದ ಹೊರೇಸ್ ಕೂಗಿದ. "ಗಾರ್ಡೂ ಹತ್ತಬೇಕು! ಅದೂ ನಿಯಮ!"

ಬರ್ನಾರ್ಡ್ ರೈಲು ನಿಲ್ಲಿಸಿದ, ಅವಳು ಹತ್ತಿದಳು, ಮತ್ತೆ ಬಾವುಟ ಬೀಸಿದಳು. ಒಂದಲ್ಲ, ಎರಡು ಸಲ ಬೀಸುವ ಭಾಗ್ಯ.

ಅಂದು ಸಂಜೆ ಕೊನೆಯ ರೈಲು ಬಂದ ಮೇಲೆ ಹೊರೇಸ್ ಒಂದು ಪತ್ರ ಬರೆದ. ಬರೆದವನು ಹೊರೇಸ್ ಬ್ರಿಂಡ್ಲಿ, ನಿಯಮಾಧಿಕಾರಿ. ಬರೆದದ್ದು ಹೊರೇಸ್ ಬ್ರಿಂಡ್ಲಿಗೆ. ಕೋಲು ಕಳೆದವನನ್ನು ಆರು ವಾರ ಅಮಾನತಿನಲ್ಲಿ ಇಡಬೇಕು. ಪತ್ರವನ್ನು ತಾನೇ ಪಡೆದು, ತಾನೇ ಓದಿ, "ತಲುಪಿದೆ" ಎಂದು ರುಜು ಹಾಕಿದ. ಅಮಾನತಾದ ಪರೀಕ್ಷಕ ಪರೀಕ್ಷೆಯ ಕಾಗದಕ್ಕೆ ರುಜು ಹಾಕುವ ಹಾಗಿಲ್ಲ. ರುಜು ಇಲ್ಲದ ಎನಿಡ್ ಒಬ್ಬಳೇ ಗಾರ್ಡಾಗುವ ಹಾಗಿಲ್ಲ. ಉದ್ಘಾಟನೆಯಾದ ಮರುವಾರವೇ ರೈಲು ನಿಂತಲ್ಲಿ ನಿಂತಿತು. ಬಂದವರಿಗೆಲ್ಲ ನಿಂತ ರೈಲು ತೋರಿಸಿ ಚಹಾ ಕೊಟ್ಟು ಕಳಿಸತೊಡಗಿದರು.

ಆ ಚಹಾ ಮಾಡುತ್ತಿದ್ದವನು ಹೊರೇಸ್. ಅಮಾನತಿನಲ್ಲೂ ಸುಮ್ಮನೆ ಕೂರುವ ಜೀವ ಅಲ್ಲ ಅದು. ಆಳಿಗೊಂದು ಚಮಚದಂತೆ ಎಣಿಸಿ, ಬೆಳಿಗ್ಗೆ ಆರಕ್ಕೇ ಎಲ್ಲ ಚಹಾಪುಡಿಯನ್ನೂ ಒಟ್ಟಿಗೆ ಹಾಕಿ, ಹತ್ತರವರೆಗೆ ಕುದಿಸುತ್ತಿದ್ದ. ಆ ಚಹಾದಲ್ಲಿ ಚಮಚ ನೆಟ್ಟರೆ ಕಂಬದ ಹಾಗೆ ನಿಲ್ಲುತ್ತಿತ್ತು. ಎರಡನೇ ಭಾನುವಾರ ಬರ್ನಾರ್ಡ್ ಮನೆಯಿಂದ ಫ್ಲಾಸ್ಕು ತಂದ. ಮೂರನೇ ಭಾನುವಾರ ಸೆಡ್ರಿಕ್‌ನ ಹೊಟ್ಟೆ ಕೆಟ್ಟಿತು.

"ಎನಿಡ್, ನೀವಾದ್ರೂ..." ಎಂದು ಡೆಸ್ಮಂಡ್ ಕೈಮುಗಿಯುವುದೊಂದು ಬಾಕಿ.

"ನಾನು ಪರೀಕ್ಷೇಲಿದೀನಿ, ಡೆಸ್ಮಂಡ್. ಫಲಿತಾಂಶ ಬರೋವರೆಗೂ ಬೇರೆ ಕೆಲಸ ಮುಟ್ಟೋ ಹಾಗಿಲ್ಲ."

"ಅದು ಯಾವ ನಿಯಮ?"

"ಹುಡುಕಿ ನೋಡಿ."

ಒಂದು ಕೆಂಪು ಬಣ್ಣಕ್ಕೆ ನಾಲ್ಕು ಚಳಿಗಾಲ ತೆಗೆದುಕೊಂಡ ಸಮಿತಿ, ನಾಲ್ಕೇ ನಿಮಿಷದಲ್ಲಿ, ಒಂದೂ ವಿರೋಧವಿಲ್ಲದೆ, ಹೊರೇಸ್‌ನ ಅಮಾನತನ್ನು ರದ್ದು ಮಾಡಿತು. ಅವನು ಮಾತ್ರ ಇನ್ನೂ ಮೂರು ವಾರ ಬಾಕಿಯಿದೆ ಎಂದು ಹಟ ಹಿಡಿದ. ಸಮಿತಿಯ ಮಾತು ಮೀರಿದರೆ ಅದಕ್ಕೂ ಒಂದು ನಿಯಮವಿದೆ ಎಂದು ಎನಿಡ್ ಪುಟ ತೆರೆದು ತೋರಿಸಿದ ಮೇಲೆ ತಲೆಬಾಗಿದ.

ಮರುದಿನ ಬೆಳಿಗ್ಗೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಅವನು ಪರೀಕ್ಷೆಯ ಕಾಗದ ತುಂಬಿದ. ನಿಧಾನವಾಗಿ, ಸಿಗ್ನಲ್ ಕೋಣೆಯ ದುಂಡು ಅಕ್ಷರದಲ್ಲಿ. ತುಂಬಿ, ಶಾಯಿ ಆರಲು ಊದಿ, ಅವಳ ಕೈಗೆ ಕೊಟ್ಟ. ಎನಿಡ್ ಕನ್ನಡಕ ಹಾಕಿಕೊಂಡು ಓದಿದಳು.

ಹೊರಡಬೇಕಾದ ಸಮಯ: ಹನ್ನೊಂದು. ಹೊರಟ ಸಮಯ: ಹನ್ನೊಂದೂ ನಲವತ್ಮೂರು. ವಿಳಂಬದ ಕಾರಣ: ಪರೀಕ್ಷಕ. ಫಲಿತಾಂಶ: ಪಾಸು.

"ಹೊರೇಸ್, 'ಪರೀಕ್ಷಕ' ಅಂತ ಬರೀಬೇಕಿತ್ತಾ?"

"ಸುಳ್ಳು ಬರೆಯೋಕಾಗುತ್ತಾ?" ಅವನು ಎದ್ದು, ಕೋಟು ಸರಿಮಾಡಿಕೊಂಡು, ಗಡಿಯಾರ ನೋಡಿದ. ಕೋಲು ಅವನ ಬಲಗೈಯಲ್ಲಿತ್ತು. ಒಂದು ದಾರದ ತುದಿ ಕೋಲಿಗೂ ಇನ್ನೊಂದು ತುದಿ ಅವನ ಮಣಿಕಟ್ಟಿಗೂ ಕಟ್ಟಿತ್ತು. "ಹತ್ತಕ್ಕೆ ಐದು ನಿಮಿಷ ಇದೆ. ಬಾಗಿಲು ನೋಡ್ಕೊಳ್ಳಿ, ಗಾರ್ಡ್."